ಪೆನ್ಸಿಲಿನ ತಾರೀಕು

ವಾಸ್ಕೋದ ಗಾಳಿಗೆ ಕಲ್ಲಿದ್ದಲಿನ ಚಟ.
ಬೆಳಿಗ್ಗೆ ಒರೆಸಿದ ಕೌಂಟರಿನ ಗಾಜು
ಹನ್ನೊಂದಕ್ಕೆಲ್ಲ ಮತ್ತೆ ಕಪ್ಪು.
ಅದರ ಮೇಲೆ ಹತ್ತೂ ಬೆರಳೂರಿ
ಹಾಮು ಲಮಾಣಿ, ಬಿ.ಕಾಂ. ಕೊನೇ ವರ್ಷ, ಗೋಲ್‌ಕೀಪರ್,
"ಟೀಸಿ ಬೇಕಿತ್ರೀ ಮೇಡಂ" ಅಂದ,
ಅರ್ಧ ಲೀಟರ್ ಹಾಲು ಕೇಳಿದ ಹಾಗೆ.

ಹತ್ತರಲ್ಲಿ ಎರಡು ಬೆರಳು ಸೊಟ್ಟ.
ಕಿರುಬೆರಳು ಮಡಗಾಂವಿನ ಪಂದ್ಯದ್ದು.
ಇನ್ನೊಂದು ಯಾವಾಗಿನದೋ, ಅವನಿಗೂ ನೆನಪಿಲ್ಲ.

ಈ ಕಚೇರಿಯಲ್ಲಿ ಕನ್ನಡ ಬಲ್ಲವಳು ನಾನೊಬ್ಬಳು.
ಪ್ರಿನ್ಸಿಪಾಲರಿಗೆ ಕೊಂಕಣಿಯಲ್ಲಿ ಹೇಳಲಾರದ್ದು
ಈ ಗಾಜಿನ ಸಂದಿಯಿಂದ ಒಳಗೆ ಬರುತ್ತದೆ:
ಕ್ಲಬ್ಬಿನವರು ಮೂರು ವರ್ಷಕ್ಕೆ ಕೇಳಿದ್ದಾರೆ,
ತಿಂಗಳಿಗೆ ಇಪ್ಪತ್ತೆರಡು ಸಾವಿರ, ಊಟ, ಬೂಟು.
ಸೋಮವಾರ ಹನ್ನೆರಡರೊಳಗೆ ಸಹಿ.
ಸೋಮವಾರ ಹತ್ತಕ್ಕೆ ಕಾಸ್ಟ್ ಅಕೌಂಟಿಂಗ್ ಪೇಪರು,
ಎರಡು ಸಲ ಹೋದದ್ದು.
ಬಂದರಿನಲ್ಲಿ ಅಪ್ಪನ ಪಾಳಿ ವಾರಕ್ಕೆ ಮೂರಕ್ಕಿಳಿದಿದೆ.
ಅವ್ವನದು ಒಂದೇ ಮಾತು:
"ಹೆಬ್ಬಟ್ಟು ಒತ್ತಿ ಒತ್ತಿ ನಾ ಸಾಕಾಗೇನಿ,
ನೀ ಆ ಕಾಗದ ಪೂರಾ ಓದು, ಆಮ್ಯಾಲ ಸಹಿ ಹಾಕು."

ಯಾವ ಕಾಗದ ಅಂತ ಅವಳು ಹೇಳಲಿಲ್ಲವಂತೆ.

ಒಂಬತ್ತು ಪುಟ ತೆಗೆದು ಆರನೆಯದರಲ್ಲಿ ಬೆರಳಿಟ್ಟ, ಸೊಟ್ಟದ್ದನ್ನೇ.
ಓದಿ ಹೇಳಿದೆ:
ಗಾಯವಾಗಿ ಕೂತರೆ ತೊಂಬತ್ತು ದಿನ. ಆಮೇಲೆ ಕ್ಲಬ್ಬಿನ ಮರ್ಜಿ.
ನಕ್ಕ. "ಮೊಣಕಾಲಿಗೆ ಕ್ಯಾಲೆಂಡರ್ ತಿಳೀತೈತೇನ್ರೀ?"

ನನ್ನ ಬೆನ್ನ ಹಿಂದಿನ ಬೀರುವಿನಲ್ಲಿ
ಸಾವಿಯೋ ಫುರ್ಟಾಡೊ ಇದ್ದಾನೆ.
ಎರಡನೇ ವರ್ಷಕ್ಕೇ ಬಿಟ್ಟ,
ಈಗ ಹೆದ್ದಾರಿಯ ಬೋರ್ಡಿನಲ್ಲಿ ಹೆಲ್ಮೆಟ್ ಮಾರುತ್ತಾನೆ.
ಅವನ ಪಕ್ಕದ ಫೈಲು ಅನಂತ ಗಾಂವಕರನದು.
ಅದೇ ವರ್ಷ, ಅದೇ ಕ್ಲಬ್ಬು.
ದೋಣಿ ಕಟ್ಟೆಯಲ್ಲಿ ಚೀಟಿ ಹರಿಯುವಾಗ
ನನ್ನ ಕಂಡರೆ ಮುಖ ಆ ಕಡೆ ಮಾಡುತ್ತಾನೆ,
ಎಡಗಾಲಿನ ಮೇಲೆ ಭಾರ ಹಾಕದೆ.
ಇಬ್ಬರದ್ದೂ ‘ಬಿಡಲು ಕಾರಣ’ದ ಕಾಲಮಿನಲ್ಲಿ
ಒಂದೇ ಬರಹ: ಸ್ವಂತ ಕೋರಿಕೆ.
ಅಕ್ಷರ ನನ್ನದು.

ಕೇಳಿದರೆ ಏನು ಹೇಳಲಿ ಇವನಿಗೆ?
ಹಳಿಯಾಳದ ಮೈದಾನದಲ್ಲಿ ಎಂಟುನೂರು ಮೀಟರು
ಎರಡು ನಿಮಿಷ ಹನ್ನೊಂದು ಸೆಕೆಂಡಿಗೆ ಓಡುತ್ತಿದ್ದೆ.
ರೈಲ್ವೆಯವರು ಹುಬ್ಬಳ್ಳಿಯಿಂದ ಪತ್ರ ಹಾಕಿದರು.
ಡಿಗ್ರಿ ಮುಗಿಯಲಿ ಅಂದೆ.
ಮುಗಿಯಿತು.
ಆ ಬೇಸಿಗೆ ಗಡಿಯಾರ ಎರಡು ಹದಿನೆಂಟು ತೋರಿಸಿತು,
ರೈಲ್ವೆ ಇನ್ನೊಬ್ಬಳನ್ನು ತೋರಿಸಿತು.
ಆ ಡಿಗ್ರಿಯಿಂದಲೇ ಈ ಕುರ್ಚಿ, ಈ ಫ್ಯಾನು,
ಒಂದನೇ ತಾರೀಕಿಗೆ ತಪ್ಪದ ಸಂಬಳ.
ಸುಳ್ಳು ಯಾಕೆ, ಅದು ಕಡಿಮೆಯೇನಲ್ಲ.
ಆದರೂ ಬಸ್ಸು ಹೊರಟಾಗ ಕೆಲವೊಮ್ಮೆ
ಬೇಕಾದ್ದಕ್ಕಿಂತ ಜೋರಾಗಿ ಓಡುತ್ತೇನೆ.

ಅವನು ಕೇಳಲಿಲ್ಲ. ಅವನೇ ಹೇಳಿದ:
"ಪೆನಲ್ಟಿಗೆ ಮೊದ್ಲ ಜಿಗದ್ರ ಅಂವ ಆ ಕಡೆ ಹೊಡೀತಾನ,
ನೋಡಿ ಜಿಗೀತೇನಂದ್ರ ಬಾಲ್ ನೆಟ್ಟಿನ್ಯಾಗ.
ನಡಕ ಒಂದೀಟು ಟೈಮ್ ಐತ್ರೀ,
ಅದು ಅವನ ಪಾದದಾಗ ಕಾಣತೈತಿ.
ಇಲ್ಲೆ ಯಾರ ಪಾದಾ ನೋಡ್ಲಿ?"

ಹೊರಗೆ ಗೂಡ್ಸು ಗಾಡಿ ಕಲ್ಲಿದ್ದಲು ಹೊತ್ತು
ಒಂದೊಂದೇ ಡಬ್ಬಿಯಾಗಿ ಹೋಗುತ್ತಿತ್ತು.
ಮುಗಿಯುವವರೆಗೂ ಇಬ್ಬರೂ ಸುಮ್ಮನಿದ್ದೆವು.

ಫಾರಂ ತೆಗೆದೆ.
ಹೆಸರು, ತಂದೆಯ ಹೆಸರು, ಹುಟ್ಟಿದ ಊರು ಗದಗಿನ ಹತ್ತಿರದ ತಾಂಡಾ,
ಎಲ್ಲ ಪೆನ್ನಿನಲ್ಲಿ.
ಕಾರಣದ ಕಾಲಂ ಖಾಲಿ.
ತಾರೀಕಿನ ಜಾಗಕ್ಕೆ ಬಂದಾಗ ಕಿವಿಯ ಮೇಲಿನ ಪೆನ್ಸಿಲ್ ತೆಗೆದು
ಸೋಮವಾರದ್ದನ್ನು ತೆಳ್ಳಗೆ ಬರೆದೆ.
ಹಾಲ್ ಟಿಕೆಟನ್ನೂ ಅದರ ಜೊತೆ ಪಿನ್ ಮಾಡಿ ಕೊಟ್ಟೆ.
ನಿಯಮದಲ್ಲಿ ಇದಕ್ಕೆ ಜಾಗವಿಲ್ಲ.

ಬಾಗಿಲವರೆಗೆ ಹೋದವನು ತಿರುಗಿ ಕೇಳಿದ:
"ನಿಮ್ಮತ್ರ ರಬ್ಬರ್ ಐತಲ್ರೀ?"

ಇದೆ ಅಂದೆ.
ಅವನು ಹೋದ ಮೇಲೆ ಡ್ರಾಯರ್ ಎಳೆದು ಹುಡುಕಿದೆ.
ಗುಂಡುಪಿನ್ನು, ಲಾಕ್, ಹಳೇ ಸ್ಟ್ಯಾಂಪ್ ಪ್ಯಾಡು,
ಶಾಯಿ ಒಣಗಿದ್ದು.