ಶಾರ್ಟೇಜ್ ಕುರ್ಚಿ

ತೀನ್ ಕಂದೀಲ್ ದಾಟಿ ಸ್ಟೇಷನ್ ರೋಡಿಗೆ ಬಂದರ
ಗಾಜಿನ ಮಳಿಗಿ, ಎರಡನೇ ಮಹಡಿ, ಕುರ್ಚಿ ವಿಭಾಗ.
ಅಲ್ಲಿ ನಾನು ನಿಂತಿರತೀನಿ.

ಮುಂಜಾನೆ ಹತ್ತರಿಂದ ರಾತ್ರಿ ಒಂಬತ್ತೂವರೆತನಕ
ಕೈ ಇರೋ ಕುರ್ಚಿ, ಕೈ ಇಲ್ಲದ್ದು,
ಬೆನ್ನಿಗೆ ಜಾಳಿಗಿ ಹೆಣೆದ ಆಫೀಸ್ ಕುರ್ಚಿ.
"ಕೂತು ನೋಡ್ರಿ ಅಕ್ಕಾರ, ಸೊಂಟಕ್ಕ ಬಾಳ ಹಿತ" ಅಂತೀನಿ.
ನಿನಗ ಹೆಂಗ ಗೊತ್ತವ್ವಾ ಅಂತ
ಇಷ್ಟು ವರ್ಷದಾಗ ಒಬ್ಬರೂ ಕೇಳಿಲ್ಲ.

ಸೂಪರ್‌ವೈಸರ್ ಅಮರೇಗೌಡ ಕೆಟ್ಟವನೇನಲ್ಲ.
ಅವನ ಮ್ಯಾಲೆ ಒಂದು ಕ್ಯಾಮೆರಾ ಐತಿ,
ಕ್ಯಾಮೆರಾದ ಆಕಡಿ ಯಾವ ಊರಾಗ ಯಾರದಾರೋ
ಅವನಿಗೂ ತಿಳಿಯದು.
ಕೂತಿರತಾರ, ಅದಷ್ಟು ಖರೆ.

ತಿಂಗಳ ಕೊನಿಗೆ ಎಣಿಕಿ.
ಗಿರಾಕಿ ಇಳಿದಮ್ಯಾಲೆ ಎಸಿ ಆರಿಸಿಬಿಡತಾರ.
ಮೇ ತಿಂಗಳ ರಾಯಚೂರು
ಪುಕ್ಕಟೆ ಗಿರಾಕಿ ಹಂಗ ಮೆಟ್ಟಲ ಹತ್ತಿ ಬರತೈತಿ.
ಲೋಟ, ಚಮಚ, ದಿಂಬಿನ ಗೌಸು,
ಒಂದೊಂದಾಗಿ ಎಣಸತೀವಿ ಹನ್ನೆರಡೂವರೆತನಕ.
ಎಣಿಸಿದ ತಾಸು ಯಾವ ಲೆಕ್ಕದಾಗೂ ಬರಂಗಿಲ್ಲ.

ಆ ಸಲ ಒಂದು ಕುರ್ಚಿ ಕಡಿಮಿ ಬಂತು.
ನೀಲಿ ಪ್ಲಾಸ್ಟಿಕ್ಕು, ಐನೂರ ನಲವತ್ತೊಂಬತ್ತು.
ಮಹಡಿಗೆ ಹನ್ನೆರಡು ಮಂದಿ.
ಪಗಾರ ಚೀಟ್ಯಾಗ ಪಿಎಫ್, ಇಎಸ್‌ಐ, ಅಂಗಿಯ ರೊಕ್ಕ,
ಅದರ ಕೆಳಗ ಹೊಸಾ ಸಾಲು:
ಶಾರ್ಟೇಜ್, ನಲವತ್ತಾರು.

ಮಾಬುನ್ನಿ ಏಜೆನ್ಸಿಗೆ ಫೋನ್ ಹಚ್ಚಿದಳು.
"ಕಂಪನಿಯವರನ್ನ ಕೇಳ್ರಿ."
ಕಂಪನಿಗೆ ಹಚ್ಚಿದಳು.
"ನೀವು ನಮ್ಮ ಮಂದಿ ಅಲ್ಲ, ಏಜೆನ್ಸಿಯವರನ್ನ ಕೇಳ್ರಿ."
ಯಾರ ಮಂದಿಯೂ ಅಲ್ಲದ ನಾವು
ಮತ್ತ ಹತ್ತಕ್ಕ ಹೋಗಿ ನಿಂತೆವು.

ನಲವತ್ತಾರು ದೊಡ್ಡದೇನಲ್ಲ.
ಭೀಮೇಶಗ ಯರಮರಸ್‌ನಿಂದ ಬಂದುಹೋಗೋ ಆಟೋ,
ನನಗ ಎರಡು ದಿನದ ಹಾಲು.
ಆದರ ಕುರ್ಚಿ ಕದ್ದವಳು ಅಂತ
ಅಚ್ಚು ಹಾಕಿದ ಕಾಗದ ಮನ್ಯಾಗ ಇಡೋದು ಎಲ್ಲಿ?

ಹದಿನೈದು ದಿನದ ಮ್ಯಾಲೆ ಸಿಕ್ಕಿತು.
ಗೋದಾಮಿನ ಹಿಂದ, ಜನರೇಟರ್ ಪಕ್ಕ,
ರಟ್ಟಿನ ಡಬ್ಬಿ ರಾಶಿಯ ಅಡಿಗೆ,
ಒಂದು ಕಾಲು ಸೀಳಿತ್ತು, ಬೆಲಿ ಚೀಟಿ ಹಂಗೇ ತೂಗತಿತ್ತು.

"ಒಪ್ಪಿಸಿಬಿಡೂಣು" ಅಂದ ಭೀಮೇಶ.
ಮಾಬುನ್ನಿ ಬೆರಳ ಗೆಣ್ಣು ಮಡಚಿ ಲೆಕ್ಕ ಹಾಕಿದಳು.
"ಹನ್ನೆರಡು ನಲವತ್ತಾರಲೆ ಐನೂರ ಐವತ್ತೆರಡು.
ಕೊಂಡದ್ದನ್ನ ಯಾರಾರ ವಾಪಸ್ ಕೊಡತಾರೇನೋ?"

ಸೀಳಿದ ಕಾಲಿಗೆ ಪ್ಯಾಕಿಂಗ್ ಟೇಪು ಸುತ್ತಿದೆವು.
ಊಟದ ಅರ್ಧ ತಾಸಿನಾಗ ಪಾಳಿ.

ಕೂತು ಉಣ್ಣೋರಿಗೆ ಕುಡಿಕಿ ಹೊನ್ನು ಸಾಲದು,
ನಮ್ಮಜ್ಜಿ ಮಾತಿಗೊಮ್ಮೆ ಅಂತಿದ್ದಳು.
ನಿಂತು ಉಣ್ಣೋರಿಗೆ ಎಷ್ಟು ಸಾಲತೈತಿ
ಆಕಿಗೂ ಗೊತ್ತಿರಲಿಲ್ಲ.

ನನ್ನ ಪಾಳಿ ಬಂದಾಗ
ಬುತ್ತಿ ಬಿಚ್ಚಲೇ ಇಲ್ಲ ನಾನು.
ಸುಮ್ಮನ ಕೂತೆ.
ಮೀನಖಂಡದ ನರ ಒಂದೊಂದೇ ಮಾತು ನಿಲ್ಲಿಸಿದವು,
ಬಾಯಿ ತಂತಾನೇ ಅಂದಿತು:
ಹೌದವ್ವಾ, ಸೊಂಟಕ್ಕ ಹಿತ ಐತಿ.

ಒಂದಿನ ಅಮರೇಗೌಡ ಬಂದುಬಿಟ್ಟ.
ನಾವು ಎದ್ದು ಗ್ವಾಡಿಗೆ ಹತ್ತಿದೆವು.
ಬೆಲಿ ಚೀಟಿ ಹಿಡಿದು ನೋಡಿದ, ನಮ್ಮನ್ನ ನೋಡಿದ,
ಮ್ಯಾಲೆ ಕ್ಯಾಮೆರಾ ಐತೇನು ಅಂತ ನೋಡಿದ.
ಹನ್ನೆರಡನೇ ಚೀಟಿ ಅವನದು.
ಮೆಲ್ಲಕ ಕೂತ,
ಬೂಟಿನ ದಾರ ಸಡಿಲ ಮಾಡಿದ.
"ಮೂರು ರೂಪಾಯಿ ಜಾಸ್ತಿ ಹಿಡದಾರಲ್ಲೋ
ಸೂಳೆಮಕ್ಕಳು" ಅಂದ.