ತೊಟ್ಟ ಬಿಡಸೂದು

ಬ್ಯಾಡಗಿ ಅಡತಿ ಅಂಗಳದಾಗ ದಿನಾ
ಮೆಣಸಿನಕಾಯಿ ತೊಟ್ಟ ಬಿಡಸ್ತೀನಿ.
ಕೊಬ್ರಿ ಎಣ್ಣಿ, ಮಜ್ಜಿಗಿ, ಸೀಗಿಪುಡಿ, ಏನ ಹಚ್ಚಿದ್ರೂ
ಉರಿ ಉಗುರ ಸಂದ್ಯಾಗ ಕುಂತಬಿಡತೈತಿ.

ಈ ಬೆರಳಲೆ ಮೈಲಾರಿಗೆ ಹೆಂಗ ತುತ್ತ ಇಡ್ಲಿ?
ಚಮಚ ಕಂಡ್ರ ಬಾಯಿ ಬಿಗಿತೈತಿ.

ಮೊನ್ನೆ ಅತ್ತಿ ಕುದಿಸಿದ ಗೆಣಸ ಸುಲಿದು
ಬೆರಳುದ್ದ ಸೀಳಿಟ್ಲು.
ಏಳು ತಿಂಗಳ ಕೂಸು.
ಒಂದ ಹಿಡೀತು, ಜಾರ್ತು.
ಇನ್ನೊಂದು ಕಿವಿಗೆ ಹೋತು.
ಮೂರನೇದು ಬಾಯಿಗೆ. ಒಮ್ಮೆ ಓಕರಿಸ್ತು,
ಫಕ್ಕೀರವ್ವ ಎದ್ದೇಬಿಟ್ಲು;
ಸೆರಗ ಜಗ್ಗಿ ಕುಂದ್ರಿಸಿದೆ: ತಡೀರಿ.
ಉಗುಳ್ತು. ನೋಡ್ತು.
ಮತ್ತ ಅದನ್ನ ಇಟ್ಗೊಂತು.
ಹುಬ್ಬಿನಮ್ಯಾಲೂ ಗೆಣಸ.

ರಾತ್ರಿ ಎದಿಗೆ ಬಂದದ್ದು
ಅರ್ಧಕ್ಕ ಬಾಯಿ ತಗದು ನಕ್ಕಿತು, ಗೆಣಸಿನ ವಾಸನಿ.
ಕೆಂಪ ಬೆರಳ ಬೆನ್ನ ಹಿಂದ ಹಿಡಕೊಂಡು
ಸುಮ್ನ ಕುಂತೆ.
ಈ ತೊಟ್ಟ ನಾ ಬಿಡಿಸಿದ್ದಲ್ಲ.