ಹುಚ್ಚುಬೇವು

ಸಿಂಧನೂರಿನ ಗಂಗಾವತಿ ರಸ್ತೆಗೆ ಮುಖ ಮಾಡಿದ
ಈ ಗೋಡೆ ನನ್ನದೇ. ಬಾಡಿಗೆಯದಲ್ಲ.
ಮೂವತ್ತೊಂದು ವರ್ಷ ಕಾಲುವೆಯ ಗೇಜು ಓದಿ
ನಿವೃತ್ತಿಯ ದುಡ್ಡಲ್ಲಿ ಕಟ್ಟಿಸಿ
ಮೇಲೊಂದು ಕರಿಹಲಗೆ ಬಡಿಸಿದೆ.
ಬೆಳಿಗ್ಗೆ ಆರಕ್ಕೆ ಸೀಮೆಸುಣ್ಣ:
ಕಾಲುವೆಯಲ್ಲಿ ನೀರು ಎಷ್ಟಡಿ,
ನೆಲ್ಲು ಕ್ವಿಂಟಲ್‌ಗೆ ಎಷ್ಟು,
ಆಮೇಲೆ ನನಗೆ ತೋಚಿದ್ದೊಂದು ಸಾಲು.
ಹಲಗೆಯ ಕೆಳಗೆ ಬಿಸ್ಕತ್ತಿನ ಡಬ್ಬಿ,
ಮುಚ್ಚಳದಲ್ಲಿ ಸೀಳು:
"ಹೇಳುವುದಿದ್ದರೆ ಬರೆದು ಹಾಕಿರಿ."

ಮೊದಲ ವಾರ ಮೂರು ಚೀಟಿ ಬಂದವು.
ಒಂದರಲ್ಲಿ ನನ್ನ ಕಾಗುಣಿತ ತಿದ್ದಿದ್ದರು. ಖುಷಿಯಾಯಿತು.
ಎರಡನೆಯ ವಾರಕ್ಕೆ ಊರಿಗೆ ಡಬ್ಬಿಯ ಬಾಯಿ ಗೊತ್ತಾಯಿತು.
ಮೂಲವ್ಯಾಧಿ, ಆಪರೇಷನ್ ಇಲ್ಲದೆ ಗುಣ.
ಬೋರ್‌ವೆಲ್ ಕೊರೆಯುತ್ತೇವೆ ಹಗಲೂ ರಾತ್ರಿ.
ಆಧಾರ್ ಒಂದಿದ್ದರೆ ಐದು ನಿಮಿಷಕ್ಕೆ ಸಾಲ.
ವಶೀಕರಣ, ಗುರೂಜಿ, ಗ್ಯಾರಂಟಿ.
ಈ ಪತ್ರ ಹನ್ನೊಂದು ಜನಕ್ಕೆ ಬರೆಯದವರು
ರಕ್ತ ಕಾರುತ್ತಾರೆ ಎಂದು ಕೆಂಪು ಶಾಯಿಯಲ್ಲಿ ಒಬ್ಬ.
ಗುಲಾಬಿ, ಹಳದಿ, ಗಿಳಿಹಸಿರು;
ಡಬ್ಬಿಯ ಹೊಟ್ಟೆ ಉಬ್ಬಿ ಮುಚ್ಚಳ ಏಳುತ್ತಿತ್ತು.

ತೂಬಿನ ಬಾಯಿಗೆ ಜಾಲರಿ ಕಟ್ಟಿದವನು ನಾನು.
ಸತ್ತ ನಾಯಿ, ಚಪ್ಪಲಿ, ಬಾಳೆಕಂಬ, ಗಣಪತಿಯ ಕೈ
ಎಲ್ಲ ತಡೆದು
ನೀರನ್ನಷ್ಟೇ ಒಳಗೆ ಬಿಟ್ಟವನು.
ಇದೇನು ಮಹಾ ಎಂದುಕೊಂಡೆ.

ಸೀಳನ್ನು ಸಣ್ಣದು ಮಾಡಿದೆ; ಮಡಚಿ ತುರುಕಿದರು.
"ಉಚಿತ" ಎಂದೋ "ಗ್ಯಾರಂಟಿ" ಎಂದೋ ಇದ್ದ ಚೀಟಿ
ಮುಂದೆ ಓದದೆ ಒಲೆಗೆ ಎಂದು ನೇಮ ಮಾಡಿದೆ.
ಕಡೆಗೆ ಡಬ್ಬಿಯ ಮೇಲೆ ಬಿಳಿ ಬಣ್ಣದಲ್ಲಿ ಒಂದು ಪ್ರಶ್ನೆ:
"ಈ ಮನೆಯ ಮುಂದಿನ ಮರ ಯಾವುದು?
ಸರಿ ಉತ್ತರವಿಲ್ಲದ ಚೀಟಿ ಓದುವುದಿಲ್ಲ."
ನಿಂತು, ತಲೆಯೆತ್ತಿ ನೋಡಿದರೆ ಮನುಷ್ಯ.
ಸೈಕಲ್ ಮೇಲಿಂದಲೇ ತುರುಕಿ ಹೋದದ್ದು ಕಸ.

ಹನ್ನೆರಡು ದಿನ ಡಬ್ಬಿ ಹಗುರವಾಗಿತ್ತು.

ಹದಿಮೂರನೆಯ ದಿನ, ಕರಪತ್ರ ಹಂಚುವ ಮೌಲಾ
(ನೂರಕ್ಕೆ ಹದಿನೈದು ರೂಪಾಯಿ ಅವನಿಗೆ)
ಪ್ರತಿ ಹಾಳೆಯ ಮೂಲೆಯಲ್ಲೂ ಬರೆದಿದ್ದ: ಬೇವು.
ಬೋರ್‌ವೆಲ್, ಬೇವು. ಮೂಲವ್ಯಾಧಿ, ಬೇವು.
ಹಿಡಿದು ಕೇಳಿದರೆ ನಕ್ಕ: "ನೀವ ಬರೀರಿ ಅಂದೀರಲ್ರಿ."
ಅಕ್ಷರ ನನ್ನದಕ್ಕಿಂತ ದುಂಡಗಿದ್ದವು.

ಮರುದಿನ ನಸುಕಿಗೆ ಅಂಬಮ್ಮ
ಹಂಡೆಯ ಒಲೆಯ ಮುಂದಿಂದ ಎದ್ದು ಬಂದು
ಅಂಚು ಕರಕಾದ ಚೀಟಿಯೊಂದನ್ನು ಕೈಗಿಟ್ಟಳು.
"ಇದನ್ಯಾಕ ಒಲಿಗಿ ಹಾಕಿದ್ರಿ?"
"ನೀ ಓದಿದೇನು?"
"ಹಚ್ಚೂಕಿಂತ ಮೊದಲ ಎಲ್ಲಾ ಓದತೀನಿ. ಬೆಂಕಿಗೇನು ಅವಸರ?"

ಪೆನ್ಸಿಲ್ಲಿನ ಅಕ್ಷರ, ಔಷಧದ ಚೀಟಿಯ ಬೆನ್ನಿಗೆ:
"ಉಚಿತ ಬಸ್ಸಿಗೆ ಬಳಗಾನೂರಿಂದ ದವಾಖಾನಿಗೆ ಬಂದಿದ್ದೆ.
ತಿರುಗಿ ಹೋಗೋ ಬಸ್ಸು ತಡ ಆತು, ಹಲಗಿ ಓದಿದೆ.
ಬೇವಿನ ನೆಳ್ಳಿಗೆ ಬಾಡಿಗಿ ಇಲ್ಲ ಅಂತ ಬರದೀರಿ. ಚಲೋ ಮಾತು.
ಆದರ ಇದು ಬೇವಲ್ಲ, ಹುಚ್ಚುಬೇವು.
ಹೂವು ನೋಡ್ರಿ.
ದ್ಯಾವಮ್ಮ."

ಎರಡೂ ಜಾಲರಿಗೆ ಸಿಕ್ಕಿಬಿದ್ದಿದ್ದಳು:
ಉಚಿತ ಎಂದದ್ದಕ್ಕೆ ಒಮ್ಮೆ,
ಸರಿ ಉತ್ತರ ಬರೆದದ್ದಕ್ಕೆ ಇನ್ನೊಮ್ಮೆ.

ಹೊರಗೆ ಬಂದು ತಲೆಯೆತ್ತಿದೆ.
ಕೊಂಬೆ ತುಂಬ ತಿಳಿನೇರಳೆ ಗೊಂಚಲು.
ಬೇವಿನ ಹೂ ಬಿಳಿ, ಯಾರಿಗೆ ಗೊತ್ತಿಲ್ಲ?
ನರ್ಸರಿಯವನು ಬೇವೆಂದು ಕೊಟ್ಟ,
ಹದಿನಾಲ್ಕು ವರ್ಷ ನಾನು ಅದರ ನೆರಳನ್ನಷ್ಟೇ ನೋಡಿದೆ.
"ನಿನಗ ಗೊತ್ತಿತ್ತೇನು?"
ಅಂಬಮ್ಮ ಒಲೆ ಊದುತ್ತಿದ್ದಳು.
ಪ್ರತಿ ಯುಗಾದಿಗೆ ಅವಳು ಹಿಂದಿನ ಓಣಿಯಿಂದ
ಸೆರಗಿನಲ್ಲಿ ಬೇವಿನ ಹೂ ತರುತ್ತಿದ್ದದ್ದು
ಆಗ ನೆನಪಾಯಿತು.

ಆರು ಗಂಟೆ. ಸೀಮೆಸುಣ್ಣ.
ನೀರು ನಾಲ್ಕಡಿ ಎರಡಂಗುಲ.
ನಿನ್ನೆಯ ಡಬ್ಬಿ: ಬೋರ್‌ವೆಲ್ ಒಂಬತ್ತು, ಮೂಲವ್ಯಾಧಿ ಆರು,
ಮನುಷ್ಯರು ಒಬ್ಬರು.
ತಿದ್ದುಪಡಿ: ಮರ ಹುಚ್ಚುಬೇವು.
ಇನ್ನು ಮುಂದೆ ಎಲ್ಲ ಚೀಟಿ ಮೊದಲು ಅಂಬಮ್ಮ ಓದುತ್ತಾರೆ.

ಏಳಕ್ಕೆ ಮೌಲಾ ಬಂದ.
ಸೈಕಲ್ ನಿಲ್ಲಿಸಿ ಕೊನೆಯವರೆಗೂ ಓದಿದ,
ಮರ ನೋಡಿದ,
ಕಟ್ಟೆಯ ಮೇಲೆ ಕೂತು ಕರಪತ್ರದ ಕಟ್ಟು ಬಿಚ್ಚಿ
ಒಂದೊಂದೇ ಹಾಳೆಯಲ್ಲಿ, ಬೇವಿನ ಎಡಕ್ಕೆ,
ದುಂಡಗೆ, ಹುಚ್ಚು ಸೇರಿಸತೊಡಗಿದ.